ವ್ಯಾನಿನ ಸೀಟಿನಡಿಯ ಬಿಸಿ: ಐದನೆಯ ವಾರದವರೆಗಿನ ಕೆಲಸ

ನನ್ನ ವ್ಯಾನಿನ ಎಂಜಿನ್ ಮುಂದಿನ ಸೀಟುಗಳ ಕೆಳಗೇ ಇದೆ. ಅರ್ಧ ಗಂಟೆ ಓಡಿಸಿದರೆ ಸಾಕು, ತೊಡೆಯ ಕೆಳಗೆ ಬಿಸಿ ಏರತೊಡಗುತ್ತದೆ. ಒಂದು ಗಂಟೆಯಾಗುವಷ್ಟರಲ್ಲಿ ಕೂತಲ್ಲಿ ಕೂರಲಾಗುವುದಿಲ್ಲ. ಹಳೆಯ ಗಾಡಿ, ಸವೆದ ಸೀಟು, ಹೀಗೇ ಇರುತ್ತದೆ ಎಂದು ಬಹಳ ಕಾಲ ಸಹಿಸಿಕೊಂಡಿದ್ದೆ. ಈಗ ಸರಿಪಡಿಸಲು ಕುಳಿತಿದ್ದೇನೆ.

ಮೊದಲ ವಾರ

ಚಾಲಕನ ಸೀಟನ್ನು ಬಿಚ್ಚಿದೆ. ತುಕ್ಕು ಹಿಡಿದ ಒಂದು ಬೋಲ್ಟ್‌ಗೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕಾಯಿತು. ರೆಕ್ಸಿನ್ ತೆಗೆದಾಗ ಒಳಗಿನ ಫೋಮ್ ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದರೆ ಪುಡಿಯಾಗಿ ಉದುರುತ್ತಿತ್ತು. ತೊಡೆ ಊರುವ ಮುಂಭಾಗದಲ್ಲಂತೂ ಬೆರಳು ಒತ್ತಿದರೆ ನೇರ ಸ್ಪ್ರಿಂಗ್ ತಗಲುತ್ತಿತ್ತು. ಪಾಲಿಯುರೆಥೇನ್ ಫೋಮ್ ಶಾಖ ತಡೆಯುವುದು ತನ್ನೊಳಗೆ ಹಿಡಿದಿಟ್ಟ ಗಾಳಿಯಿಂದ. ಅದು ಕುಸಿದು ತೆಳ್ಳಗಾದರೆ ಆ ತಡೆಯೂ ಹೋಯಿತು. ಫೋಮನ್ನು ಹಾಳುಮಾಡಿದ್ದು ಬಿಸಿ. ಫೋಮ್ ಹಾಳಾದ ಮೇಲೆ ಬಿಸಿ ಇನ್ನಷ್ಟು ಮೇಲೆ ಬಂತು. ಇದು ಗೊತ್ತಾದ ಮೇಲೆ ಹೊಸ ಫೋಮ್ ತರುವ ಆತುರ ಬಿಟ್ಟೆ. ಕೆಳಗಿನ ಬಿಸಿ ಹಾಗೆಯೇ ಇದ್ದರೆ ಹೊಸದಕ್ಕೂ ಇದೇ ಗತಿ.

ಮೊದಲು ಅಳತೆ. ಮುಟ್ಟದೆಯೇ ಬಿಸಿ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರಿನಿಂದ ಸೀಟಿನ ಕೆಳಗಿನ ಎಂಜಿನ್ ಮುಚ್ಚಳವನ್ನು ನೋಡಿದರೆ ಅಂಕಿಗಳು ಮನಸ್ಸಿಗೆ ಬಂದಂತೆ ಏರಿಳಿಯುತ್ತಿದ್ದವು. ಕಾರಣ ಲೋಹದ ಹೊಳಪು. ಹೊಳೆಯುವ ಮೈ ತನ್ನ ಶಾಖವನ್ನು ಕಡಿಮೆ ಸೂಸಿ, ಸುತ್ತಲಿನದ್ದನ್ನು ಪ್ರತಿಫಲಿಸುತ್ತದೆ. ಉಪಕರಣ ಅದನ್ನು ನಂಬಿಬಿಡುತ್ತದೆ. ನಾಲ್ಕು ಕಡೆ ಕಪ್ಪು ಟೇಪಿನ ತುಂಡು ಅಂಟಿಸಿ, ಆ ಟೇಪಿನ ಮೇಲೆಯೇ ಅಳೆದೆ. ನಲವತ್ತು ನಿಮಿಷ ಓಡಿಸಿದ ಮೇಲೆ ಮುಚ್ಚಳದ ನಡುವೆ 58 ಡಿಗ್ರಿ, ಅಂಚುಗಳಲ್ಲಿ 66ರಿಂದ 71. ಎಂಜಿನ್ನಿಗೆ ನಡುಭಾಗವೇ ಹತ್ತಿರ, ಆದರೂ ಅಂಚು ಹೆಚ್ಚು ಬಿಸಿ! ಈ ಒಂದು ವ್ಯತ್ಯಾಸ ಮುಂದಿನ ಕೆಲಸಕ್ಕೆಲ್ಲ ದಾರಿ ತೋರಿಸಿತು.

ಎರಡನೆಯ ವಾರ

ರಾತ್ರಿ, ಎಂಜಿನ್ ತಣ್ಣಗಿರುವಾಗ, ಮುಚ್ಚಳದ ಕೆಳಗೆ ಟಾರ್ಚ್ ಹಚ್ಚಿಟ್ಟು ವ್ಯಾನಿನ ಒಳದೀಪ ಆರಿಸಿದೆ. ಎಡಗಡೆಯ ಅಂಚಿನುದ್ದಕ್ಕೂ ಬೆಳಕಿನ ಗೆರೆ. ತಂತಿಗಳು ಹಾಯುವ ರಂಧ್ರದಲ್ಲಿ ರಬ್ಬರ್ ಬಿರಡೆಯೇ ಇಲ್ಲ. ಬೆಳಕು ಕಾಣದ ಕಡೆ ಕಾಗದದ ಪಟ್ಟಿ ಇಟ್ಟು ಮುಚ್ಚಳ ಬಿಗಿದು ಎಳೆದು ನೋಡಿದೆ. ಹಲವು ಕಡೆ ಕಾಗದ ಸಲೀಸಾಗಿ ಜಾರಿ ಬಂತು. ಸುತ್ತಲಿನ ರಬ್ಬರ್ ಪಟ್ಟಿ ಗಟ್ಟಿಯಾಗಿ ಚಪ್ಪಟೆಯಾಗಿತ್ತು. ಅಂದರೆ ನನ್ನನ್ನು ಸುಡುತ್ತಿದ್ದುದು ಮುಖ್ಯವಾಗಿ ಲೋಹದ ಮೂಲಕ ಹರಿಯುವ ಶಾಖವಲ್ಲ, ಸಂದಿಯಿಂದ ನುಗ್ಗುವ ಬಿಸಿಗಾಳಿ.

ಬಿಸಿಗಿಂತ ನನ್ನನ್ನು ಹೆಚ್ಚು ಹೆದರಿಸಿದ್ದು ಇನ್ನೊಂದು ವಿಷಯ. ಬಿಸಿಗಾಳಿ ಬರುವ ದಾರಿಯಲ್ಲಿ ಎಂಜಿನ್ನಿನ ಹೊಗೆಯೂ ಬರಬಹುದು. ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಮಂಪರು ಬಂದಾಗ ಬಿಸಿಲಿನ ಆಯಾಸವೆಂದು ಸುಮ್ಮನಾಗಿಬಿಡುತ್ತೇವೆ. ಆದ್ದರಿಂದ ಹೊಗೆ ಹೊರಹೋಗುವ ಎಕ್ಸಾಸ್ಟ್ ಕೊಳವೆಯ ಜೋಡಣೆಗಳಲ್ಲಿ ಸೋರಿಕೆ ಇದೆಯೇ ಎಂದು ಮೆಕ್ಯಾನಿಕ್ ಒಬ್ಬರಿಂದ ಪರೀಕ್ಷೆ ಮಾಡಿಸಿದೆ. ಸೋರಿಕೆ ಇರಲಿಲ್ಲ. ಮ್ಯಾನಿಫೋಲ್ಡಿನ (ಎಂಜಿನ್ನಿನಿಂದ ಬಿಸಿ ಹೊಗೆಯನ್ನು ಕೊಳವೆಗೆ ಸಾಗಿಸುವ ಭಾಗ) ಮೇಲಿನ ಶಾಖ ತಡೆಯುವ ತಗಡು ಮಾತ್ರ ಎರಡು ಬೋಲ್ಟ್ ಕಳೆದುಕೊಂಡು ಓರೆಯಾಗಿತ್ತು, ಅದನ್ನು ಬಿಗಿಸಿದೆವು. ಎಂಜಿನ್ನನ್ನು ತಣ್ಣಗಿಡುವ ದ್ರವದ (ಕೂಲಂಟ್) ಮಟ್ಟವೂ ಸರಿಯಾಗಿತ್ತು.

ಅಂಚಿಗೆ ಶಾಖ ತಾಳುವ ಇಪಿಡಿಎಂ ರಬ್ಬರಿನ ಟೊಳ್ಳು ಪಟ್ಟಿ ಹಾಕಿ, ರಂಧ್ರಕ್ಕೆ ಹೊಸ ಬಿರಡೆ ಕೂರಿಸಿದೆ. ಅದೇ ದಾರಿ, ಅದೇ ನಲವತ್ತು ನಿಮಿಷ: ಅಂಚು 71ರಿಂದ 59ಕ್ಕೆ ಇಳಿಯಿತು. ಆಗಿನ್ನೂ ಶಾಖನಿರೋಧಕದ ಒಂದು ತುಂಡನ್ನೂ ಅಂಟಿಸಿರಲಿಲ್ಲ.

ಮೂರನೆಯ ವಾರ

ಇಲ್ಲಿ ತಪ್ಪು ಮಾಡಿದೆ. ಸುಲಭವಾಗಿ ಸಿಗುತ್ತದೆಂದು ಅಲ್ಯೂಮಿನಿಯಂ ಹೊದಿಕೆಯ ಪಾಲಿಎಥಿಲೀನ್ ಫೋಮ್ ಹಾಳೆಯನ್ನು ಮುಚ್ಚಳದ ಕೆಳಮೈಗೆ ಅಂಟಿಸಿದೆ. ನಾಲ್ಕನೆಯ ದಿನ ತೆರೆದು ನೋಡಿದರೆ ಹಾಳೆ ಮುದುಡಿದೆ, ಅಂಟು ಬಿಟ್ಟಿದೆ, ಒಂದು ಮೂಲೆ ಮ್ಯಾನಿಫೋಲ್ಡಿನ ಕಡೆಗೆ ಜೋತುಬಿದ್ದಿದೆ. ಪಾಲಿಎಥಿಲೀನ್ ನೂರು ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಮ್ಯಾನಿಫೋಲ್ಡ್ ಕಾದಾಗ ನೂರಾರು ಡಿಗ್ರಿ ಇರುತ್ತದೆ. ಇನ್ನೆರಡು ದಿನ ನೋಡದೆ ಬಿಟ್ಟಿದ್ದರೆ ಬೆಂಕಿಯೇ ಹೊತ್ತಿಕೊಳ್ಳಬಹುದಿತ್ತು. ಅದೇ ಸಂಜೆ ಎಲ್ಲವನ್ನೂ ಕೆರೆದು ತೆಗೆದೆ. ಈ ಕೆಲಸಕ್ಕೆ ಇಳಿಯುವವರು ಹಾಳೆಯ ಹೊಳಪನ್ನು ನೋಡಿ ಮೋಸಹೋಗಬೇಡಿ, ಒಳಗಿನ ವಸ್ತು ಎಷ್ಟು ಡಿಗ್ರಿ ತಾಳುತ್ತದೆ ಎಂದು ಕೇಳಿ.

ಎರಡನೆಯ ಸಲ ಗಾಜಿನ ನಾರಿನ ಚಾಪೆ ತಂದೆ, ಎಂಜಿನ್ ಕಡೆಗೆ ಅಲ್ಯೂಮಿನಿಯಂ ಹಾಳೆ ಇರುವಂಥದ್ದು. ಹಾಳೆ ವಿಕಿರಣದ ಶಾಖವನ್ನು ಹಿಂದಕ್ಕೆ ಕಳಿಸಬೇಕಾದರೆ ಅದರ ಮುಂದೆ ಗಾಳಿಯ ಜಾಗ ಇರಲೇಬೇಕು. ಬಿಸಿ ಲೋಹಕ್ಕೆ ತಾಗಿ ನಿಂತರೆ ಅದು ಶಾಖವನ್ನು ಸಾಗಿಸುತ್ತದೆ, ಅಷ್ಟೆ. ಜಾಗ ಎಷ್ಟಿದೆ ಎಂದು ತಿಳಿಯಲು ಮುಚ್ಚಳದ ಕೆಳಗೆ ಅಲ್ಲಲ್ಲಿ ಜೇಡಿಮಣ್ಣಿನ ಉಂಡೆ ಅಂಟಿಸಿ, ಮುಚ್ಚಿ ತೆರೆದು, ಅವು ಎಷ್ಟು ಚಪ್ಪಟೆಯಾದವು ಎಂದು ಅಳೆದೆ. ಅತಿ ಇಕ್ಕಟ್ಟಿನಲ್ಲಿ 35 ಮಿಲಿಮೀಟರ್ ಇತ್ತು, ಆದ್ದರಿಂದ 10 ಮಿಲಿಮೀಟರ್ ದಪ್ಪದ ಚಾಪೆ ಆರಿಸಿದೆ. ಅಂಟನ್ನೊಂದೇ ನಂಬದೆ ಅಗಲ ವಾಷರ್ ಹಾಕಿ ಸ್ಕ್ರೂಗಳಿಂದ ಬಿಗಿದೆ. ಕತ್ತರಿಸಿದ ಅಂಚುಗಳನ್ನೆಲ್ಲ ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಿದೆ, ಏಕೆಂದರೆ ಎಣ್ಣೆ ಹೀರಿದ ಚಾಪೆ ದೀಪದ ಬತ್ತಿಯಾಗುತ್ತದೆ. ಗಾಜಿನ ನಾರು ಚರ್ಮಕ್ಕೆ ಕಚ್ಚುತ್ತದೆ; ಕೈಗವಸು, ಮುಖಗವಸು, ತುಂಬು ತೋಳಿನ ಅಂಗಿ ಬೇಕೇ ಬೇಕು. ಪಕ್ಕದ ಸೀಟಿನ ಕೆಳಗೆ ಬ್ಯಾಟರಿ ಇರುವುದರಿಂದ ಅಲ್ಲಿ ಅಲ್ಯೂಮಿನಿಯಂ ಹಾಳೆ ಹಾಕಲಿಲ್ಲ. ಎಂಜಿನ್ನಿಗೆ ಗಾಳಿ ಬರುವ ಕಿಂಡಿಗಳನ್ನೂ ಮುಟ್ಟಲಿಲ್ಲ.

ನಾಲ್ಕನೆಯ ವಾರ

ಸೀಟಿನ ಸರದಿ. ಸ್ಪ್ರಿಂಗುಗಳ ಮೇಲೆ ಗೋಣಿಬಟ್ಟೆ ಬಿಗಿದು ಹೊಲಿದೆ, ಅದರ ಮೇಲೆ ದಪ್ಪ ಉಣ್ಣೆಯ ಫೆಲ್ಟ್, ಅದರ ಮೇಲೆ ಗಟ್ಟಿ ಫೋಮ್. ಮೆತ್ತನೆಯ ಫೋಮ್ ಕೈಗೆ ಹಿತ, ಆದರೆ ಕೂತಾಗ ಪೂರ್ತಿ ಒತ್ತಿಹೋಗಿ ಬಿಸಿಯನ್ನು ತಡೆಯುವ ದಪ್ಪವೇ ಉಳಿಯುವುದಿಲ್ಲ. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ಅದನ್ನೇ ಅಚ್ಚಾಗಿಟ್ಟು ಹೊಸ ರೆಕ್ಸಿನ್ ಕತ್ತರಿಸಿದೆ. ಕೂರುವ ಭಾಗಕ್ಕೆ ಮಾತ್ರ ದಪ್ಪ ಹತ್ತಿಬಟ್ಟೆ, ಬೆವರು ಹೀರಲಿ ಎಂದು. ಮೂಲೆಯ ಹೊಲಿಗೆ ಎರಡು ಸಲ ತಪ್ಪಿತು. ಮೂರನೆಯ ಸಲ ಚೆನ್ನಾಗಿ ಬಂದಿದೆ.

ಐದನೆಯ ವಾರ

ಅದೇ ದಾರಿಯಲ್ಲಿ, ಸುಮಾರಾಗಿ ಅಷ್ಟೇ ಸೆಕೆಯ ದಿನ: ಮುಚ್ಚಳದ ನಡುವೆ 45, ಅಂಚಿನಲ್ಲಿ 48. ಸೀಟಿನ ಮೇಲ್ಮೈ 36, ಮೈಯ ಬಿಸಿಗಿಂತ ಹೆಚ್ಚಿಲ್ಲ. ನಿನ್ನೆ ಎರಡು ಗಂಟೆ ಓಡಿಸಿ ಇಳಿದಾಗ, ಸೀಟಿನ ನೆನಪೇ ಬಂದಿರಲಿಲ್ಲ ಎಂದು ಹೊಳೆದು ತುಂಬ ಖುಷಿಯಾಯಿತು. ಎಂಜಿನ್ನಿನ ಗದ್ದಲವೂ ತುಸು ತಗ್ಗಿದೆ.

ಈಗ ಎಡಗಾಲಿಗೆ ಬಿಸಿ ತಾಗುತ್ತಿರುವುದು ಗೊತ್ತಾಗುತ್ತಿದೆ. ಟಾರ್ಚ್ ಇಟ್ಟು ನೋಡಿದೆ: ಗೇರ್ ಕೋಲಿನ ಬುಡದ ರಬ್ಬರ್ ಚೀಲ ಹರಿದಿದೆ. ಪಕ್ಕದ ಸೀಟನ್ನು ಬಿಚ್ಚುವ ಮೊದಲು ಅದನ್ನು ಬದಲಿಸಬೇಕು.