ಲಾಂಗ್‌ಶೆಂಗ್ ಗದ್ದೆ ನೋಡೋಕೆ ಹೋಗೋರು ರಾತ್ರಿ ಮೇಲೇ ಉಳ್ಕೊಳ್ಳಿ

ಲಾಂಗ್‌ಶೆಂಗ್‌ನಲ್ಲಿ ಗುಡ್ಡದ ಮೇಲೆ ಮೆಟ್ಟಿಲು ಮೆಟ್ಟಿಲಾಗಿರೋ ಭತ್ತದ ಗದ್ದೆಗಳ ನಡುವೆ ದಾಜಾಯ್, ಪಿಂಗಾನ್ ಅನ್ನೋ ಊರುಗಳಿವೆ, ಅಲ್ಲಿಗೆ ಹೋಗೋದು ಚೀನಾದ ಗುಯಿಲಿನ್ ನಗರದಿಂದ. ಗುಯಿಲಿನ್ ಸ್ಟೇಷನ್ನಿಂದ ಹೊರಗೆ ಬಂದ ತಕ್ಷಣ "ಇವತ್ತು ದಾಜಾಯ್‌ಗೆ ಬಸ್ಸಿಲ್ಲ" ಅಂತ ಫೋನಲ್ಲಿ ಟ್ರಾನ್ಸ್‌ಲೇಟ್ ಮಾಡಿ ತೋರಿಸೋರು ಸಿಕ್ತಾರೆ, ನಂಬಬೇಡಿ. ನಮ್ಮನ್ನ ಹತ್ತಿಸ್ಕೊಂಡ ವ್ಯಾನಿನವನು ಸೀಟು ತುಂಬೋವರ್ಗೂ ಅಲ್ಲಲ್ಲೇ ಸುತ್ತಿಸಿ, ದಾರೀಲಿ ಯಾವೋ ಅನ್ನೋ ಬುಡಕಟ್ಟಿನ ಉದ್ದ ಕೂದಲಿನ ಹೆಂಗಸರ ಶೋ ಮುಂದೆ ನಿಲ್ಲಿಸಿ ಟಿಕೆಟ್ ತಗೊಳ್ಳಿ ಅಂದ, ಬೇಡ ಅಂದಿದ್ದಕ್ಕೆ ಉಳಿದೋರು ನೋಡ್ಕೊಂಡು ಬರೋವರ್ಗೂ ಬಿಸಿಲಲ್ಲೇ ಕಾಯಿಸಿದ, ಕೊನೆಗೆ ಗದ್ದೆಗಳ ಪ್ರವೇಶ ಗೇಟ್ ಹತ್ರ ಇಳಿಸಿ ಊರ ತನಕ ಬಿಡೋಕೆ ಬೇರೆ ದುಡ್ಡು ಕೇಳ್ದ. ಬಸ್ ಸೀಟನ್ನ ನೀವು ಉಳ್ಕೊಳ್ಳೋ ಮನೆಯವರ ಕೈಲೇ ಬುಕ್ ಮಾಡಿಸಿಬಿಡಿ.

ಎಲ್ರೂ ಪಿಂಗಾನ್‌ಗೆ ನುಗ್ತಾರೆ. ಜುವಾಂಗ್ ಅನ್ನೋ ಬುಡಕಟ್ಟಿನ ಜನರ ಊರು, ಚೆನ್ನಾಗೇ ಇದೆ, ಆದ್ರೆ ಮಧ್ಯಾಹ್ನದ ಹೊತ್ತಿಗೆ ಟೂರ್ ಗುಂಪುಗಳ ಮೈಕ್ ಸದ್ದಿಗೆ ನಂಗಂತೂ ಅಲ್ಲಿ ನಿಲ್ಲೋಕಾಗ್ಲಿಲ್ಲ. ದಾಜಾಯ್ ಕಡೆ ಹೋಗಿ, ಅಲ್ಲಿಂದ ಇನ್ನೂ ಮೇಲೆ ಟಿಯಾಂಟೌನಲ್ಲಿ ರೂಮ್ ಮಾಡಿ. ಕಲ್ಲು ಮೆಟ್ಟಿಲು ಹತ್ತಬೇಕು, ದೊಡ್ಡ ಸೂಟ್‌ಕೇಸನ್ನ ಗುಯಿಲಿನ್‌ನಲ್ಲೇ ಬಿಟ್ಟು ಬನ್ನಿ. ಬೆನ್ನಿಗೆ ಬುಟ್ಟಿ ಹಾಕ್ಕೊಂಡು ಲಗೇಜ್ ಹೊರೋ ವಯಸ್ಸಾದ ಹೆಂಗಸರಿದ್ದಾರೆ, ರೇಟು ಮೊದ್ಲೇ ಮಾತಾಡ್ಕೊಳ್ಳಿ, ಆದ್ರೆ ಆ ವಯಸ್ಸಿನೋರ ಹತ್ರ ಜಾಸ್ತಿ ಚೌಕಾಸಿ ಬೇಡ. ಸುಮಾರು ಏಳುನೂರು ವರ್ಷ ಹಿಂದಿನ ಯುವಾನ್ ರಾಜವಂಶದ ಕಾಲದಿಂದ ತಲೆತಲಾಂತರವಾಗಿ ಗುಡ್ಡ ಕಡಿದು ಮಾಡಿದ ಗದ್ದೆಗಳು, ಕೆಲವಂತೂ ಎರಡೇ ಸಾಲು ನಾಟಿ ಹಿಡಿಯೋ ಅಷ್ಟು ಕಿರಿದು. ಬೆಳಿಗ್ಗೆ ಮಂಜು ಸರಿಯೋವಾಗ ಕೆಳಗಿನ ಗದ್ದೆ ಒಂದೊಂದಾಗಿ ಕಾಣಿಸ್ಕೊಳ್ತಾ ಬರುತ್ತೆ, ಡೇ ಟ್ರಿಪ್ ಬಂದೋರಿಗೆ ಇದು ಸಿಗೋದೇ ಇಲ್ಲ. ಗದ್ದೇಲಿ ನೀರು ನಿಂತಿರೋದು ಬೇಕಂದ್ರೆ ಮೇ-ಜೂನ್, ತೆನೆ ಹಣ್ಣಾಗಿರೋದು ಬೇಕಂದ್ರೆ ಸೆಪ್ಟೆಂಬರ್ ಕೊನೆ. ಅಕ್ಟೋಬರ್ 1ರಿಂದ ಅವರ ರಾಷ್ಟ್ರೀಯ ರಜೆ, ಆ ವಾರ ಮಾತ್ರ ಬೇಡವೇ ಬೇಡ.

ಊಟಕ್ಕೆ ವ್ಯೂ ಪಾಯಿಂಟ್ ಹತ್ರದ ದೊಡ್ಡ ಹೋಟೆಲ್ ಬಿಟ್ಟು ಮೆಟ್ಟಿಲ ಪಕ್ಕದ ಸಣ್ಣ ಮನೆಗಳಿಗೆ ಹೋಗಿ ಎಣ್ಣೆ ಚಹಾ ಕೇಳಿ. ಅಜ್ಜಿ ಒಬ್ರು ಕಬ್ಬಿಣದ ಬಾಣಲೇಲಿ ಚಹಾ ಎಲೆ, ಶುಂಠಿ ಹಾಕಿ ಎಣ್ಣೇಲಿ ಹುರೀತಾ ಮರದ ಸುತ್ತಿಗೆ ಥರದ್ದರಲ್ಲಿ ಕುಟ್ಟಿ ಕುಟ್ಟಿ, ನೀರು ಹುಯ್ದು ಕುದಿಸಿ, ಬಿದಿರಿನ ಜಾಲರೀಲಿ ಸೋಸಿ, ಮಂಡಕ್ಕಿ, ಕಡ್ಲೆಕಾಯಿ ಬೀಜ, ಉಪ್ಪು, ಈರುಳ್ಳಿ ಸೊಪ್ಪು ಇರೋ ಬಟ್ಟಲಿಗೆ ಬಿಸಿಬಿಸಿ ಸುರಿದ್ರು. ಮೊದಲ ಗುಟುಕು ಕಹಿ, ಆಮೇಲೆ ಶುಂಠಿ ಖಾರ ಗಂಟಲಿಗೆ ಇಳಿಯುತ್ತೆ, ಮಂಡಕ್ಕಿ ಮೆತ್ತಗಾಗೋ ಮುಂಚೆ ತಿನ್ನಬೇಕು. ಖಾಲಿ ಆಗ್ತಿದ್ದಂಗೆ ಮತ್ತೆ ಹುಯ್ತಾರೆ, ವ್ಯೂ ಪಾಯಿಂಟಲ್ಲಿ ಒಂದು ಕಾಫಿಗೆ ಕೊಡೋ ದುಡ್ಡಲ್ಲಿ ಇಲ್ಲಿ ಹೊಟ್ಟೆ ತುಂಬುತ್ತೆ. ಬಿದಿರು ಕೊಳವೇಲಿ ಸುಡೋ ಅನ್ನವೂ ಭಾರಿ ರುಚಿ, ಆದ್ರೆ ಸಾಮಾನ್ಯವಾಗಿ ಹಂದಿ ಮಾಂಸ ಹಾಕಿರ್ತಾರೆ, ಸಸ್ಯಾಹಾರಿಗಳು ಒಲೆಗೆ ಇಡೋ ಮುಂಚೆನೇ ಹೇಳಿ ಬೇರೆ ತುಂಬಿಸ್ಕೊಳ್ಳಿ.