ಆನ್ ಇದೆಯಲ್ಲ ಸಾರ್, ಇನ್ನೇನು ಬೇಕು?

ಈ ವಾರ ಒಬ್ಬ ಹಿರಿಯ ಹ್ಯಾಮ್ (ಹವ್ಯಾಸಿ ರೇಡಿಯೋ ನಡೆಸುವವರು) ಫೋನಿನಲ್ಲಿ ನನ್ನನ್ನು ಕೇಳಿದ ಪ್ರಶ್ನೆ ಇದು. ಜಗಳಕ್ಕೆ ಕೇಳಿದ್ದಲ್ಲ. ಅವರ ಐಗೇಟ್, ಅಂದರೆ ರೇಡಿಯೋದಲ್ಲಿ ಕೇಳಿದ್ದನ್ನು ಇಂಟರ್ನೆಟ್ಟಿಗೆ ದಾಟಿಸುವ ಯಂತ್ರ, ವರ್ಷಗಳಿಂದ ಹಗಲು ರಾತ್ರಿ ನಡೆಯುತ್ತಿದೆ. ಕರೆಂಟು ಅವರದೇ, ಇಂಟರ್ನೆಟ್ ಅವರದೇ, ತಾರಸಿಯ ಮೇಲಿನ ಆಂಟೆನಾ ಅವರದೇ. ಯಾರೂ ಒಂದು ಪೈಸೆ ಕೊಟ್ಟಿಲ್ಲ. ಅಂಥವರಿಗೆ ಫೋನ್ ಮಾಡಿ ನಿಮ್ಮ ಐಗೇಟ್‌ನಿಂದ ತೊಂದರೆಯಾಗುತ್ತಿದೆ ಎಂದರೆ ಅವರು ಇನ್ನೇನು ಕೇಳಬೇಕು ಹೇಳಿ. ಆದರೆ ಆ ಮಾತು ನನ್ನ ತಲೆಯಿಂದ ಹೋಗುತ್ತಲೇ ಇಲ್ಲ.

ನಡೆದದ್ದು ಇಷ್ಟು. ಭಾನುವಾರದ ಸೈಕಲ್ ಓಟಕ್ಕೆ ಸಂಪರ್ಕದ ಕೆಲಸ ನಮ್ಮ ಗುಂಪಿನದಾಗಿತ್ತು. ಕೊನೆಯ ಸವಾರನ ಹಿಂದೆ ಒಂದು ಗಾಡಿ ಬರುತ್ತದೆ, ಅದರಲ್ಲಿ ಎಪಿಆರ್‌ಎಸ್ ಟ್ರ್ಯಾಕರ್ ಇಟ್ಟಿದ್ದೆವು. ಎಪಿಆರ್‌ಎಸ್ ಅಂದರೆ ಯಾರು ಎಲ್ಲಿದ್ದಾರೆ ಎಂಬಂಥ ಚಿಕ್ಕ ಮಾಹಿತಿಯನ್ನು ರೇಡಿಯೋದಲ್ಲಿ ಹಂಚುವ ಹ್ಯಾಮ್‌ಗಳ ಜಾಲ. ಆ ಗಾಡಿಯ ಹಿಂದೆ ಯಾರೂ ಉಳಿದಿಲ್ಲ ಎಂಬ ನಂಬಿಕೆಯ ಮೇಲೆ ರಸ್ತೆ ಬಿಡುವುದು, ನೀರಿನ ಟೇಬಲ್ ತೆಗೆಯುವುದು, ಆಂಬುಲೆನ್ಸ್ ಮುಂದಕ್ಕೆ ಕಳಿಸುವುದು ಎಲ್ಲ ನಡೆಯುತ್ತದೆ. ನಕ್ಷೆಯಲ್ಲಿ ಗಾಡಿ ಸರಿಯಾಗಿಯೇ ಮುಂದೆ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಒಂದು ಕಿಲೋಮೀಟರಿಗೂ ಜಾಸ್ತಿ ಹಿಂದಕ್ಕೆ ಹಾರಿತು. ಪಕ್ಕದಲ್ಲಿದ್ದ ಆಯೋಜಕರು ನೋಡಿಬಿಟ್ಟರು. "ಏನ್ರೀ, ಗಾಡಿ ವಾಪಸ್ ಹೋಗ್ತಿದೆ? ಹಿಂದೆ ಯಾರಾದ್ರೂ ಬಿದ್ದಿದ್ದಾರಾ?" ನಾವು ವಾಕಿ ಟಾಕಿಯಲ್ಲಿ ಚಾಲಕರನ್ನು ಕೇಳಿ ಉತ್ತರ ಪಡೆಯುವಷ್ಟರಲ್ಲಿ ಅವರು ಆಂಬುಲೆನ್ಸ್ ತಿರುಗಿಸಿ ಆಗಿತ್ತು. ಗಾಡಿ ಹಿಂದೆ ಹೋಗಿರಲೇ ಇಲ್ಲ. ಆ ಹೊತ್ತಿನಲ್ಲಿ ಮುಂದೆ ಯಾರೂ ಬೀಳಲಿಲ್ಲ, ಅಷ್ಟೇ ನಮ್ಮ ಪುಣ್ಯ.

ಹಿಂದಕ್ಕೆ ಹಾರಿದ ಆ ಚುಕ್ಕೆಯನ್ನು ಮನೆಗೆ ಬಂದ ಮೇಲೂ ಮತ್ತೆ ಮತ್ತೆ ತೆಗೆದು ನೋಡಿದೆ. ಎಪಿಆರ್‌ಎಸ್‌ನ ನಕ್ಷೆಗಳು ಇಂಥದ್ದನ್ನು ಸ್ವಲ್ಪ ಮಟ್ಟಿಗೆ ಹಿಡಿಯುತ್ತವೆ. ಒಂದು ವಾಹನ ಅಸಾಧ್ಯ ವೇಗದಲ್ಲಿ ಜಿಗಿದರೆ ಆ ಪ್ಯಾಕೆಟ್ಟಿಗೆ (ಟ್ರ್ಯಾಕರ್ ಒಂದು ಸಲ ಕಳಿಸುವ ಮಾಹಿತಿಯ ತುಣುಕು) ತಡವಾಗಿ ಬಂದದ್ದು ಎಂದು ಗುರುತು ಹಾಕಿ ಬದಿಗಿಡುತ್ತವೆ. ಆದರೆ ನಿಧಾನವಾಗಿ ಹೋಗುವ ಗಾಡಿ ಒಂದು ಕಿಲೋಮೀಟರ್ ಹಿಂದೆ ಬಂದರೆ ಯಾವ ಲೆಕ್ಕದಲ್ಲಿ ತಪ್ಪು ಅನ್ನೋದು? ನಿಜವಾಗಿಯೂ ತಿರುಗಿಸಿಕೊಂಡು ಬಂದಿರಬಹುದಲ್ವಾ?

ಕಚ್ಚಾ ಪ್ಯಾಕೆಟ್‌ಗಳನ್ನು ತೆಗೆದರೆ ಕಥೆ ಅಲ್ಲೇ ಬರೆದಿರುತ್ತದೆ. ರೇಡಿಯೋದಿಂದ ಕೇಳಿದ್ದನ್ನು ಇಂಟರ್ನೆಟ್ಟಿಗೆ ಹಾಕಿದ ಐಗೇಟ್ ಯಾವುದು ಅನ್ನೋದು ಪ್ರತಿ ಪ್ಯಾಕೆಟ್ಟಿನ ದಾರಿಯಲ್ಲಿ ಕ್ಯೂಎಆರ್‌ನಂಥ ಒಂದು ಗುರುತಿನ ಮುಂದೆ ಇರುತ್ತದೆ. ಗಾಡಿಯ ಪ್ಯಾಕೆಟ್‌ಗಳು ಬೇರೆ ಎರಡು ಐಗೇಟ್‌ಗಳ ಮೂಲಕ ಆ ಕ್ಷಣದಲ್ಲೇ ಬಂದಿದ್ದವು. ಅವೇ ಪ್ಯಾಕೆಟ್‌ಗಳು ನಾಲ್ಕೈದು ನಿಮಿಷ ಬಿಟ್ಟು ಮತ್ತೊಮ್ಮೆ ಒಟ್ಟಿಗೆ ಸುರಿದಿದ್ದವು. ಆ ತಡವಾದವೆಲ್ಲದರ ಮುಂದೆ ಒಂದೇ ಕಾಲ್‌ಸೈನ್, ಅಂದರೆ ಒಬ್ಬ ಹ್ಯಾಮ್‌ನ ಪರವಾನಗಿಯ ಗುರುತು. ಒಂದೇ ಪ್ಯಾಕೆಟ್ಟನ್ನು ನಾಲ್ಕು ಐಗೇಟ್ ಕೇಳಿದರೂ ಒಂದೇ ಪ್ರತಿ ಮುಂದೆ ಹೋಗಲಿ ಅಂತ ಸರ್ವರ್‌ಗಳು ನಕಲುಗಳನ್ನು ತಡೆಯುತ್ತವೆ, ಆದರೆ ಅವು ನೆನಪಿಟ್ಟುಕೊಳ್ಳುವುದು 30 ಸೆಕೆಂಡು ಮಾತ್ರ. ಅದು ಕಳೆದ ಮೇಲೆ ಬಂದ ಹಳೆಯ ಪ್ಯಾಕೆಟ್ ಹೊಸದಾಗಿಬಿಡುತ್ತದೆ. ಎಷ್ಟೋ ಟ್ರ್ಯಾಕರ್‌ಗಳು ಸಮಯ ಕಳಿಸುವುದೇ ಇಲ್ಲ, ನಕ್ಷೆಗೆ ಬಂದ ಹೊತ್ತೇ ಹುಟ್ಟಿದ ಹೊತ್ತು.

ನಮ್ಮ ಗುಂಪಿನ ಒಬ್ಬ ಹುಡುಗ ತಕ್ಷಣ ಹೇಳಿದ್ದು, ಆ ಕಾಲ್‌ಸೈನ್ ಬ್ಲಾಕ್ ಮಾಡಿಬಿಡೋಣ ಅಂತ. ಅವನು ಬುದ್ಧಿವಂತ, ಲಾಗ್ ಓದುವುದರಲ್ಲಿ ನನಗಿಂತ ಎಷ್ಟೋ ಚುರುಕು. ಆದರೆ ಅವನಿಗೆ ಈ ಜಾಲ ಎಂದರೆ ಪರದೆಯ ಮೇಲಿನ ಗ್ರಾಫ್. ಬಿಸಿಲಲ್ಲಿ ಕೋಕ್ಸ್ ಕೇಬಲ್ ಎಳೆದು, ಕನೆಕ್ಟರಿನೊಳಗೆ ನೀರು ಹೋಗಿದೆ ಎಂದು ಮತ್ತೆ ಕಂಬ ಹತ್ತಿದವರ ಮೇಲೆ ಅವನಿಗೆ ಇನ್ನೂ ಕರುಣೆ ಹುಟ್ಟಿಲ್ಲ. ಸರ್ವರ್ ನಡೆಸುವವರು ಒಂದು ಕಾಲ್‌ಸೈನ್‌ಗೆ ಲಾಗಿನ್ ನಿಲ್ಲಿಸಬಹುದು, ನಿಜ. ಆದರೆ ಹೆಚ್ಚಿನ ಐಗೇಟ್‌ಗಳು ರೊಟೇಟ್ ಎಂಬ ಒಂದೇ ಹೆಸರಿಗೆ ಸಂಪರ್ಕ ಕೇಳುತ್ತವೆ. ಆ ಹೆಸರಿನ ಹಿಂದೆ ಬೇರೆ ಬೇರೆ ದೇಶಗಳ ಸ್ವಯಂಸೇವಕರ ಸರ್ವರ್‌ಗಳಿವೆ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತದೆ, ಅದಕ್ಕಾಗಿಯೇ ಅದನ್ನು ಮಾಡಿದ್ದು. ಬ್ಲಾಕ್ ಮಾಡಿದ್ದರೆ ಆ ಹಿರಿಯರಿಗೆ ಬೇಜಾರಾಗುತ್ತಿತ್ತು, ತಡವಾದ ಪ್ಯಾಕೆಟ್ ಮಾತ್ರ ಬರುತ್ತಲೇ ಇರುತ್ತಿತ್ತು.

ಹಾಗಾಗಿ ಫೋನ್ ಮಾಡಿದೆ. ಎಲ್ಲ ಹೇಳಿದ ಮೇಲೆ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಆನ್ ಇದೆಯಲ್ಲ ಸಾರ್, ಇನ್ನೇನು ಬೇಕು?"

ಅವರ ಪ್ರಶ್ನೆಯಲ್ಲಿ ನ್ಯಾಯ ಇದೆ. ಇಂಥ ಜಾಲದಲ್ಲಿ ನಾವು ಒಬ್ಬರಿಗೊಬ್ಬರು ಕೊಟ್ಟ ಮಾತಾದರೂ ಏನು? ಯಾರಿಗೂ ಸಂಬಳ ಇಲ್ಲ, ಒಪ್ಪಂದ ಇಲ್ಲ, ಮೇಲಧಿಕಾರಿ ಇಲ್ಲ. ಒಳಗೆ ಬರಲು ಕೇಳುವ ಪಾಸ್‌ಕೋಡ್ ಕೂಡ ಗುಟ್ಟಲ್ಲ, ಕಾಲ್‌ಸೈನ್‌ನಿಂದಲೇ ಲೆಕ್ಕ ಹಾಕುವ ಒಂದು ಸಣ್ಣ ಸಂಖ್ಯೆ, ಲೆಕ್ಕದ ರೀತಿ ಎಲ್ಲರಿಗೂ ಗೊತ್ತು. ಇಲ್ಲಿ ಓಡುವುದೆಲ್ಲ ನಂಬಿಕೆಯ ಮೇಲೆ. ಹಾಗಿರುವಾಗ ವರ್ಷಗಟ್ಟಲೆ ಆನ್ ಇಟ್ಟಿರುವುದೇ ದೊಡ್ಡ ಕೊಡುಗೆ ಅಲ್ವಾ? ಹೌದು. ಅವರನ್ನು ಬಿಟ್ಟರೆ ಆ ಭಾಗದಲ್ಲಿ ಇನ್ನೊಂದು ಐಗೇಟ್ ಇಲ್ಲ. ಓಟದ ದಾರಿಯ ಒಂದು ತುದಿ ಮಾತ್ರ ಅವರಿಗೆ ಕೇಳಿಸುತ್ತಿತ್ತು. ಆ ಗುಡ್ಡದ ಆಚೆ ಹೋದವರಿಗೆಲ್ಲ ಅವರೇ ಕಿವಿ.

ಆದರೆ ನನಗೆ ಈಗೀಗ ಖಚಿತವಾಗಿರುವುದು ಏನೆಂದರೆ, ಸತ್ತ ಯಂತ್ರಕ್ಕಿಂತ ಅರ್ಧ ಬದುಕಿದ ಯಂತ್ರವೇ ಜಾಸ್ತಿ ಅಪಾಯ. ಒಂದು ಸರ್ವರ್ ಪೂರ್ತಿ ಬಿದ್ದರೆ ಅದಕ್ಕೆ ಸೇರಿಕೊಂಡಿದ್ದ ಐಗೇಟ್‌ನಂಥ ಕ್ಲೈಂಟ್‌ಗಳು ಪಕ್ಕದ ಸರ್ವರಿಗೆ ಹೋಗುತ್ತವೆ, ಯಾರಿಗೂ ಗೊತ್ತೇ ಆಗುವುದಿಲ್ಲ. ಅದಕ್ಕೆ ಬೇಕಾದ ಏರ್ಪಾಡನ್ನು ಎಷ್ಟೋ ಜನ ಎಷ್ಟೋ ವರ್ಷ ಕೂತು ಮಾಡಿದ್ದಾರೆ. ಫಿನ್ಲೆಂಡಿನ ಹೈಕ್ಕಿ ಹನ್ನಿಕೈನನ್ ಮತ್ತು ಮಟ್ಟಿ ಆರ್ನಿಯೋ ಬರೆದ ಎಪಿಆರ್‌ಎಸ್‌ಸಿ ಎಂಬ ಸರ್ವರ್ ಸಾಫ್ಟ್‌ವೇರ್, ಹೇಳಲು ಬೇರೆ ಏನೂ ಇಲ್ಲದಿದ್ದರೂ 20 ಸೆಕೆಂಡಿಗೊಮ್ಮೆ ಒಂದು ಚಿಕ್ಕ ಸಾಲನ್ನು ಕಳಿಸುತ್ತಲೇ ಇರುತ್ತದೆ. ನಾನಿದ್ದೇನೆ ಅನ್ನೋದು ಬಿಟ್ಟರೆ ಆ ಸಾಲಿಗೆ ಹೆಚ್ಚು ಕೆಲಸವಿಲ್ಲ. ಆ ಸಾಲು ಒಂದೆರಡು ನಿಮಿಷ ಬರದಿದ್ದರೆ ಸಂಪರ್ಕ ಸತ್ತಿದೆ ಎಂದು ತಿಳಿದು ಕ್ಲೈಂಟ್ ಬೇರೆ ಕಡೆ ಹೋಗಬೇಕು. ಆ ಸಾಲನ್ನು ನೋಡುವ ತಾಳ್ಮೆ ಇಲ್ಲದ ಹಳೆಯ ಪ್ರೋಗ್ರಾಮ್‌ಗಳು ಇನ್ನೂ ಬೇಕಾದಷ್ಟಿವೆ. ಹಿರಿಯರದ್ದು ಅಂಥದ್ದೇ ಒಂದು.

ಸಂಜೆ ಫೋನಿನಲ್ಲೇ ಕೂತು ಇಬ್ಬರೂ ಹುಡುಕಿದೆವು. ಅವರ ಇಂಟರ್ನೆಟ್ ಆಗಾಗ ಕೆಲವು ನಿಮಿಷ ಹೋಗಿ ಬರುತ್ತದೆ. ಆ ಹೊತ್ತಿನಲ್ಲೂ ರೇಡಿಯೋ ಕೇಳುತ್ತಲೇ ಇರುತ್ತದೆ, ಪ್ರೋಗ್ರಾಮ್ ಹಳೆಯ ಟಿಸಿಪಿ (ಇಂಟರ್ನೆಟ್ಟಿನಲ್ಲಿ ಕಳಿಸಿದ್ದೆಲ್ಲ ತಲುಪುವಂತೆ ನೋಡಿಕೊಳ್ಳುವ ವಿಧಾನ) ಸಂಪರ್ಕವನ್ನೇ ಹಿಡಿದುಕೊಂಡು ಅದಕ್ಕೆ ಬರೆಯುತ್ತಲೇ ಇರುತ್ತದೆ. ಬರೆದದ್ದು ಕಂಪ್ಯೂಟರಿನ ಬಫರಿನಲ್ಲಿ, ಅಂದರೆ ಕಳಿಸಬೇಕಾದದ್ದು ಕಾಯುವ ಜಾಗದಲ್ಲಿ, ರಾಶಿ ಬೀಳುತ್ತದೆ. ಲೈನ್ ವಾಪಸ್ ಬಂದ ಕೂಡಲೇ ಟಿಸಿಪಿ ಅಷ್ಟನ್ನೂ ಒಂದೂ ಬಿಡದೆ, ಕ್ರಮವಾಗಿ, ಶ್ರದ್ಧೆಯಿಂದ ತಲುಪಿಸುತ್ತದೆ. ಯಾರೂ ತಪ್ಪು ಮಾಡಿಲ್ಲ ನೋಡಿ. ಕಳೆದುಹೋಗಬಾರದು ಅನ್ನೋದು ಟಿಸಿಪಿಯ ಧರ್ಮ. ಎಪಿಆರ್‌ಎಸ್‌ನ ಧರ್ಮ ಪೂರ್ತಿ ಬೇರೆ. ಬಾಬ್ ಬ್ರುನಿಂಗಾ ಇದನ್ನು ಕಟ್ಟಿದ್ದೇ ಈಗ ಸುತ್ತಮುತ್ತ ಏನಾಗುತ್ತಿದೆ ಎಂದು ತಿಳಿಯಲು. ಉತ್ತರ ಅಮೆರಿಕದಲ್ಲಿ 144.390, ಯುರೋಪಿನಲ್ಲಿ 144.800 ಮೆಗಾಹರ್ಟ್ಸ್, ಎಲ್ಲರೂ ಒಂದೇ ಚಾನೆಲ್ ಹಂಚಿಕೊಂಡು 1200 ಬಾಡ್‌ನ ನಿಧಾನ ವೇಗದಲ್ಲಿ ಮಾತಾಡುತ್ತಾರೆ. ಸ್ಥಳ ಹೇಳುವ ಪ್ಯಾಕೆಟ್ಟಿಗೆ ತಲುಪಿತು ಎಂಬ ಉತ್ತರ ಇಲ್ಲ. ಎರಡು ಪ್ಯಾಕೆಟ್ ಡಿಕ್ಕಿ ಹೊಡೆದರೆ ಎರಡೂ ಹೋದವು, ಹೋಗಲಿ, ಇನ್ನೊಂದು ಬರುತ್ತದೆ. ಕಳೆದುಕೊಳ್ಳಲು ಗೊತ್ತಿರುವ ಜಾಲವನ್ನು ಕಳೆದುಕೊಳ್ಳಲು ಗೊತ್ತಿಲ್ಲದ ಜಾಲದ ಮೇಲೆ ಕೂರಿಸಿದ್ದೇವೆ. ನಡುವೆ ನಿಂತಿರುವ ಐಗೇಟಿಗೆ ಎರಡೂ ಗೊತ್ತಿರಬೇಕು.

ಇದಕ್ಕಿರುವ ದಾರಿ ಹೇಳಿದೆ. ಸರ್ವರಿನ ಸಾಲು ನಿಂತರೆ ಸಂಪರ್ಕ ಮುರಿಯಬೇಕು, ಬಫರಿನಲ್ಲಿ ಉಳಿದದ್ದನ್ನು ಎಸೆಯಬೇಕು, ಹೊಸದಾಗಿ ಶುರು ಮಾಡಬೇಕು. ಆಗ ಅವರು ಹೇಳಿದ್ದು ನನಗೆ ಮೊದಲನೆಯ ಮಾತಿಗಿಂತ ಆಳಕ್ಕೆ ಇಳಿಯಿತು. "ಯಾರೋ ಕಷ್ಟಪಟ್ಟು ಕಳಿಸಿದ್ದನ್ನ ಎಸೆಯೋದಾ?"

ಹಳೇ ಕಾಲದ ಹ್ಯಾಮ್‌ನ ಮನಸ್ಸು ಅದು. ದೂರದಿಂದ ಕೇಳಿಸಿಯೂ ಕೇಳಿಸದ ಒಂದು ಸಿಗ್ನಲ್ಲಿಗೆ ಅರ್ಧ ರಾತ್ರಿ ಕಿವಿ ಕೊಟ್ಟವರು. ಕೇಳಿದ ಒಂದಕ್ಷರವನ್ನೂ ಬಿಡಬಾರದು ಎಂದು ಕಲಿತವರು. ನಿನ್ನೆಯ ಪತ್ರವನ್ನು ಇವತ್ತಿನ ಮೊಹರು ಹಾಕಿ ಕೊಟ್ಟ ಹಾಗಾಗುತ್ತದೆ ಸಾರ್, ಓದುವವರು ಇವತ್ತಿನದೇ ಎಂದು ನಂಬುತ್ತಾರೆ ಎಂದೆ. ಯಾರಿಗಾದರೂ ಬರೆದ ಸಂದೇಶವಾದರೆ? ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಸಂದೇಶಗಳಿಗೆ ಸಂಖ್ಯೆ ಹಾಕುವ, ತಲುಪಿತು ಎಂದು ಉತ್ತರಿಸುವ ವ್ಯವಸ್ಥೆ ಇದೆ, ಉತ್ತರ ಬರದಿದ್ದರೆ ಕಳಿಸಿದವರ ರೇಡಿಯೋವೇ ಮತ್ತೆ ಕಳಿಸುತ್ತದೆ, ನಡುವಿನವರು ಕಾಪಾಡಿಕೊಂಡು ಕೂರುವ ಅಗತ್ಯ ಇಲ್ಲ ಎಂದು ವಿವರಿಸಿದೆ. ಹೂಂ ಎಂದರು. ಪೂರ್ತಿ ಒಪ್ಪಿದ ಹಾಗೆ ಕೇಳಿಸಲಿಲ್ಲ.

ಮಾರನೇ ದಿನ ಅವರ ಐಗೇಟ್ ನಕ್ಷೆಯಲ್ಲಿ ಇರಲಿಲ್ಲ. ಬೇಜಾರಾಗಿ ಆಫ್ ಮಾಡಿಬಿಟ್ಟರು ಎಂದುಕೊಂಡೆ. ಗುಡ್ಡದ ಆಚೆಯ ಹವಾಮಾನ ಕೇಂದ್ರವೊಂದು ಮಾಯವಾಯಿತು, ದಿನಾ ಆ ದಾರಿಯಲ್ಲಿ ಓಡಾಡುವ ಒಂದೆರಡು ಕಾಲ್‌ಸೈನ್ ಕಾಣಲಿಲ್ಲ. ಹುಡುಗ ಗ್ರಾಫ್ ನೋಡಿ ಸಮಸ್ಯೆ ಮುಗಿಯಿತು ಎಂದ. ನನಗೆ ಸಂಕಟವಾಯಿತು. ತಡವಾಗಿ ಬರುವುದು ಕೆಟ್ಟದ್ದೋ, ಬರದೇ ಇರುವುದು ಕೆಟ್ಟದ್ದೋ? ಓಡುವ ಗಾಡಿಗೆ ಒಂದು ಉತ್ತರ, ತಾಸಿಗೊಮ್ಮೆ ಮಳೆ ಅಳೆಯುವ ಕೇಂದ್ರಕ್ಕೆ ಬೇರೆ ಉತ್ತರ. ರಾತ್ರಿ ಅವರೇ ಫೋನ್ ಮಾಡಿದರು. ಹೊಸ ಪ್ರೋಗ್ರಾಮ್ ಹಾಕುತ್ತಿದ್ದರಂತೆ, ರೇಡಿಯೋದ ಸದ್ದನ್ನು ಕಂಪ್ಯೂಟರಿಗೆ ಕೊಡುವ ಸೌಂಡ್ ಕಾರ್ಡ್ ಹಟ ಮಾಡುತ್ತಿತ್ತಂತೆ. ಆಫ್ ಮಾಡಿದ್ದು ಬೇಜಾರಿನಿಂದ ಅಲ್ಲವೇ ಅಲ್ಲ. ಅದು ಸರಿಹೋಗುವವರೆಗೆ ಹುಡುಗನೇ ಅವರ ಜೊತೆ ಲೈನಿನಲ್ಲಿದ್ದ. ಅಷ್ಟು ತಾಳ್ಮೆ ಅವನಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ.

ಇದೆಲ್ಲ ಮುಗಿದ ಮೇಲೆ ನನ್ನನ್ನು ಕಾಡುತ್ತಿರುವುದು ಬೇರೆ. ಇಂಟರ್ನೆಟ್ಟಿನಲ್ಲಿ 44ರಿಂದ ಶುರುವಾಗುವ ವಿಳಾಸಗಳನ್ನು ಹ್ಯಾಮ್‌ಗಳಿಗೆಂದು 1981ರಲ್ಲಿ ಹ್ಯಾಂಕ್ ಮ್ಯಾಗ್ನುಸ್ಕಿ ಕೇಳಿ ಪಡೆದರು. ದಶಕಗಳ ಕಾಲ ಆ ಜಾಲವನ್ನು ನೋಡಿಕೊಂಡ ಬ್ರಯಾನ್ ಕ್ಯಾಂಟರ್ 2019ರಲ್ಲಿ ತೀರಿಕೊಂಡರು. ಬ್ರುನಿಂಗಾ 2022ರ ಫೆಬ್ರವರಿಯಲ್ಲಿ ಹೋದರು. ಎರಡೂ ಜಾಲ ನಿಲ್ಲಲಿಲ್ಲ. ಅಷ್ಟು ಹೊತ್ತಿಗೆ ಅವು ಹಲವು ಕೈಗಳಲ್ಲಿದ್ದವು, ನಿಯಮಗಳು ಬರಹದಲ್ಲಿದ್ದವು. ಆದರೆ ಗುಡ್ಡದ ಆಚೆಯ ಐಗೇಟ್ ಇನ್ನೂ ಒಂದೇ ಕೈಯಲ್ಲಿದೆ. ಅವರಿಗೆ ಹುಷಾರಿಲ್ಲದೆ ಒಂದು ತಿಂಗಳು ಆಸ್ಪತ್ರೆಯಲ್ಲಿದ್ದರೆ ಆ ಯಂತ್ರ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವರು ಯಾರು? ಇದನ್ನು ನಾನು ಕೇಳಲು ಹಿಂಜರಿಯುತ್ತಿದ್ದೆ, ಹುಡುಗ ನೇರವಾಗಿ ಕೇಳಿಯೇಬಿಟ್ಟ. ಹಿರಿಯರು ನಕ್ಕು, ನಿನಗೇ ಒಂದು ಲಾಗಿನ್ ಮಾಡಿಕೋ ಎಂದರು.

ಹುಡುಗ ಈಗ ಯಾವ ಐಗೇಟ್‌ನಿಂದ ಎಷ್ಟು ತಡವಾದ ನಕಲು ಬರುತ್ತಿದೆ ಎಂದು ಎಣಿಸುವ ಒಂದು ಸ್ಕ್ರಿಪ್ಟ್ ಬರೆದಿದ್ದಾನೆ. ತಡವಾದರೆ ಅದೇ ತಾನಾಗಿ ಮಾಲೀಕರಿಗೆ ಇಮೇಲ್ ಕಳಿಸಲಿ ಎಂದು ಅವನ ಆಸೆ. ಬೇಡ ಎಂದಿದ್ದೇನೆ. ಯಂತ್ರ ಕಳಿಸಿದ ದೂರು ಓದಿ ಯಾರೂ ಸೌಂಡ್ ಕಾರ್ಡಿನ ಜೊತೆ ರಾತ್ರಿ ಗುದ್ದಾಡುವುದಿಲ್ಲ. ಪಟ್ಟಿಯಲ್ಲಿ ಇನ್ನೂ ಕೆಲವು ಕಾಲ್‌ಸೈನ್‌ಗಳಿವೆ, ಒಬ್ಬೊಬ್ಬರಿಗೂ ನಾವೇ ಫೋನ್ ಮಾಡುತ್ತೇವೆ. ಎರಡು ಕಾಲ್‌ಸೈನ್‌ಗಳ ಹಿಂದಿರುವವರು ಯಾರು, ಹೇಗೆ ಸಿಗುತ್ತಾರೆ ಅನ್ನೋದು ಎಲ್ಲಿ ಹುಡುಕಿದರೂ ಗೊತ್ತಾಗಿಲ್ಲ. ಐಗೇಟ್ ನಡೆಸುವವರು ಇದನ್ನು ಓದುತ್ತಿದ್ದರೆ ದಯವಿಟ್ಟು ನಿಮ್ಮ ಬೀಕನ್ನಿನ ಕಾಮೆಂಟಿನಲ್ಲಿ ಒಂದು ಇಮೇಲ್ ವಿಳಾಸ ಹಾಕಿಡಿ, ನಿಮ್ಮದು ಯಾವ ಪ್ರೋಗ್ರಾಮ್ ಅನ್ನೋದನ್ನೂ ಸೇರಿಸಿದರೆ ಹುಡುಕುವ ಕೆಲಸ ಅರ್ಧ ಕಡಿಮೆಯಾಗುತ್ತದೆ.