ಬಣ್ಣ ಕೆರೆದಂತೆ ಸಿಕ್ಕ ಯಜಮಾನರು

ಸಿಡ್ನಿಯಲ್ಲಿ ನಮ್ಮ ಪಕ್ಕದ ಮನೆಯ ಹಿರಿಯರು ಒಂದು ಹಳೇ ರೇಸ್ ದೋಣಿ ಕೊಂಡಿದ್ದರು. ಹದಿನೆಂಟು ಅಡಿಯ ಸ್ಕಿಫ್, ಅಂದರೆ ಸುಮಾರು ಐದೂವರೆ ಮೀಟರ್ ಉದ್ದದ ಹಾಯಿದೋಣಿ. ಒಂದು ಶನಿವಾರ ಅದರ ಬಣ್ಣ ಕೆರೆಯೋಕೆ ನನ್ನನ್ನೂ ಕರೆದರು. ಎರಡು ಗಂಟೆ ಕೆಲಸ ಅಂದುಕೊಂಡು ಹೋದವನು ಮನೆಗೆ ಬಂದಿದ್ದು ಕತ್ತಲಾದ ಮೇಲೆ.

ಮೇಲಿನ ಬಿಳಿ ಬಣ್ಣ ಬೇಗ ಎದ್ದು ಬಂತು. ಅದರ ಕೆಳಗೆ ಹಸಿರು, ಹಸಿರಿನ ಕೆಳಗೆ ಬೂದು, ಕೊನೆಗೆ ಕೆಂಪು ಸೀಡರ್ ಹಲಗೆ. ಒಂದೊಂದು ಬಣ್ಣವೂ ಒಬ್ಬೊಬ್ಬ ಯಜಮಾನನ ಕಾಲದ್ದು ಅಂತ ಅವರು ಹೇಳಿದಾಗ ನನ್ನ ಕೈ ತಾನಾಗೇ ನಿಧಾನವಾಯಿತು.

ಈ ದೋಣಿಗಳ ಚರಿತ್ರೆ ಹುಡುಕೋದು ಸುಲಭವಲ್ಲ. ಹೆಸರು ನಂಬುವ ಹಾಗಿಲ್ಲ. ದೋಣಿ ಹಳತಾದರೆ ಯಜಮಾನ ಅದನ್ನು ಮಾರಿ, ಹೊಸದಕ್ಕೂ ಅದೇ ಹೆಸರು ಇಡುತ್ತಿದ್ದ. ಸಿಡ್ನಿಯನ್ನು ಇಂಗ್ಲಿಷ್ ಅಕ್ಷರದಲ್ಲಿ ತಿರುಗಿಸಿ ಬರೆದರೆ ಬರುತ್ತಲ್ಲ, ಯೆಂಡಿಸ್, ಆ ಹೆಸರಲ್ಲೇ ಒಂದಕ್ಕಿಂತ ಜಾಸ್ತಿ ದೋಣಿಗಳಿದ್ದವು. ಹಾಯಿಯ ಮೇಲಿನ ಗುರುತೂ ಯಜಮಾನನ ಜೊತೆಗೇ ಹೋಗುತ್ತಿತ್ತು. 1891ರಲ್ಲಿ ಸಿಡ್ನಿ ಫ್ಲೈಯಿಂಗ್ ಸ್ಕ್ವಾಡ್ರನ್ ಎಂಬ ಹಾಯಿದೋಣಿ ಕ್ಲಬ್ ಕಟ್ಟಿದ ಮಾರ್ಕ್ ಫಾಯ್ ಎಂಬ ವ್ಯಾಪಾರಿ ಈ ಬಣ್ಣದ ಗುರುತುಗಳಿಗೆ ಜಾಗ ಕೊಟ್ಟವರು. ದಡದಲ್ಲಿ, ಫೆರಿಯಲ್ಲಿ ನಿಂತ ಜನಕ್ಕೆ ಯಾವ ದೋಣಿ ಮುಂದಿದೆ ಅಂತ ದೂರದಿಂದಲೇ ಗೊತ್ತಾಗಲಿ ಅಂತ. ಎಷ್ಟು ಒಳ್ಳೆಯ ಯೋಚನೆ ಅಲ್ವಾ?

ಹಾಗಾಗಿ ನಂಬಬೇಕಾದ್ದು ಮರವನ್ನೇ. ತಳದ ನಡುವೆ ಉದ್ದಕ್ಕೆ ಒಂದು ಹಲಗೆ ಬೇರೆ ಜಾತಿಯದು. ಅಲ್ಲಿ ಮೊದಲು ಒಂದು ಸೀಳು ಇತ್ತು. ರೇಸಿನಲ್ಲಿ ದೋಣಿ ಗಾಳಿಗೆ ಪಕ್ಕಕ್ಕೆ ಜಾರದಿರಲಿ ಅಂತ ಆ ಸೀಳಿನಿಂದ ನೀರೊಳಗೆ ದೊಡ್ಡ ತಗಡು ಇಳಿಸುತ್ತಿದ್ದರು. ಯಾರೋ ಅದನ್ನು ಮುಚ್ಚಿಬಿಟ್ಟಿದ್ದಾರೆ. ಹಿಂಬದಿಯಲ್ಲಿ ದುಂಡನೆಯ ತೂತು, ಪ್ರೊಪೆಲ್ಲರಿನ ಸರಳಿಗೆ ಕೊರೆದದ್ದು. ಒಳಗೆ ಇಂಜಿನ್ ಕೂರಿಸಿದ ಬೋಲ್ಟಿನ ಗುರುತು. ಒಂದು ಡಜನ್ ಜನ ಅಂಚಿಗೆ ಜೋತು ಬಿದ್ದು ಓಡಿಸುತ್ತಿದ್ದ ರೇಸ್ ದೋಣಿ ಮೀನು ಹಿಡಿಯುವವರ ಮೋಟಾರು ದೋಣಿಯಾಗಿತ್ತು.

ಹಿರಿಯರಿಗೆ ಆ ತೂತು ನೋಡಿದರೇ ಸಂಕಟ. "ಹಾಳು ಮಾಡಿಟ್ಟಿದ್ದಾರೆ" ಅಂತ ಮತ್ತೆ ಮತ್ತೆ ಹೇಳಿದರು. ನನಗೆ ಹಾಗೆ ಅನ್ನಿಸಲಿಲ್ಲ. ಹಗುರವಾದ ಪ್ಲೈವುಡ್ ದೋಣಿಗಳು ಬಂದ ಮೇಲೆ ಈ ಭಾರದ ದೋಣಿಗಳು ಯಾರಿಗೆ ಬೇಕಿತ್ತು? 1959ರಲ್ಲಿ ಬಾಬ್ ಮಿಲ್ಲರ್ ಮಾಡಿದ ತೈಪಾನ್ ಎಂಬ ಸ್ಕಿಫ್ ಪ್ಲೈವುಡ್ಡಿನದೇ. ಅವರೇ ಮುಂದೆ ಬೆನ್ ಲೆಕ್ಸೆನ್ ಅಂತ ಹೆಸರು ಬದಲಿಸಿಕೊಂಡು, 1983ರಲ್ಲಿ ಅಮೆರಿಕಾಸ್ ಕಪ್ ಎಂಬ ಹೆಸರಾಂತ ಹಾಯಿದೋಣಿ ರೇಸ್ ಗೆದ್ದ ಆಸ್ಟ್ರೇಲಿಯಾ 2 ದೋಣಿಯ ವಿನ್ಯಾಸ ಮಾಡಿದವರು. 1919ರ ಬ್ರಿಟಾನಿಯಾದಂಥ ಕೆಲವು ಹಳೆಯ ದೋಣಿಗಳು ಮ್ಯೂಸಿಯಂ ಸೇರಿ ಉಳಿದವು. ಆ ಭಾಗ್ಯ ಎಲ್ಲಕ್ಕೂ ಇರಲಿಲ್ಲ. ಈ ದೋಣಿಗೆ ಇಂಜಿನ್ ಹಾಕಿದವನು ಹಾಕದೇ ಹೋಗಿದ್ದರೆ ಇದು ಯಾವುದೋ ಹಿತ್ತಲಲ್ಲಿ ಮಳೆ ನೀರು ತುಂಬಿಕೊಂಡು ಕೊಳೆಯುತ್ತಿತ್ತು. ಇದನ್ನೇ ಅವರಿಗೂ ಹೇಳಿದೆ. ಅವರು ಮಾತಾಡದೆ ಕೆರೆಯುತ್ತಾ ಕೂತರು.

ಬೆಳಿಗ್ಗೆ ಅವರು ಇಂಜಿನ್ ಪೆಟ್ಟಿಗೆಯ ಹಲಗೆಗಳನ್ನು ಕಿತ್ತು, ಎಸೆದು ಬಾ ಅಂತ ನನ್ನ ಕೈಗೆ ಕೊಟ್ಟಿದ್ದರು. ಜೋರು ಮಳೆ ಹಿಡಿದದ್ದರಿಂದ ಶೆಡ್ಡಿನ ಮೂಲೆಯಲ್ಲೇ ಒರಗಿಸಿದ್ದೆ.

ಸಂಜೆ ನಾಲ್ಕರ ಹೊತ್ತಿಗೆ ಒಬ್ಬ ಹೆಂಗಸು ಬಂದರು. ಅರವತ್ತು ದಾಟಿರಬಹುದು. ದೋಣಿ ಮೂರು ಕೈ ಬದಲಾಗುವ ಮೊದಲು ಅವರ ಅಪ್ಪನ ಹತ್ತಿರ ಇತ್ತಂತೆ. ಕೈಯಲ್ಲಿ ಒಂದು ಕಪ್ಪು ಬಿಳುಪು ಫೋಟೋ. ಅದರಲ್ಲಿ ಪುಟ್ಟ ಹುಡುಗಿ ಇಂಜಿನ್ ಪೆಟ್ಟಿಗೆ ಮೇಲೆ ಕಾಲು ಇಳಿಬಿಟ್ಟು ಕೂತಿದ್ದಾಳೆ, ಹಿಂದೆ ಅವಳ ಅಪ್ಪ ಚುಕ್ಕಾಣಿ ಹಿಡಿದಿದ್ದಾನೆ. ದೋಣಿ ರೇಸಿನದು ಅಂತ ಅವರಿಗೆ ಗೊತ್ತೇ ಇರಲಿಲ್ಲ. ಒಳಗೆಲ್ಲ ಬಗ್ಗಿ ನೋಡಿ, "ನನ್ನ ಪೆಟ್ಟಿಗೆ ಎಲ್ಲಿ?" ಅಂತ ಕೇಳಿದರು.

ಹಿರಿಯರು ನನ್ನ ಮುಖ ನೋಡಿದರು. ನಾನು ಮೂಲೆ ತೋರಿಸಿದೆ. ಹಿರಿಯರೇ ಎದ್ದು ಹೋಗಿ ಹಲಗೆಗಳನ್ನು ಒಂದೊಂದಾಗಿ ತಂದು, ಮೊಳೆ ಹೊಡೆಯದೆ ಸುಮ್ನೆ ಜೋಡಿಸಿ ನಿಲ್ಲಿಸಿ, ಬೀಳದ ಹಾಗೆ ಎರಡೂ ಕಡೆ ಕೈಯಲ್ಲಿ ಹಿಡಿದುಕೊಂಡರು. ಆಕೆ ಅದರ ಮೇಲೆ ಭಾರ ಹಾಕದೆ, ಮೆಲ್ಲಗೆ ಕೂತರು.